ಮನೆಯ ಲೆಕ್ಕ ಊರು ಬದಲಿಸಿದಾಗ

ಸೊಲ್ಲಾಪುರ, ಅಕ್ಕಲಕೋಟಗಳ ನಮ್ಮ ಮನೆಗಳಲ್ಲಿ ಮಾತು ಎರಡು-ಮೂರು ಭಾಷೆಗಳಲ್ಲಿ ನಡೆಯುವಂತೆ ಲೆಕ್ಕವೂ ಎರಡು-ಮೂರು ಬಗೆಯಲ್ಲಿ ನಡೆಯುತ್ತ ಬಂದಿದೆ. ಅಜ್ಜಿ ಕನ್ನಡದಲ್ಲಿ ಎಣಿಸುತ್ತಾಳೆ; ಕಿರಾಣಿಯವನು ಮರಾಠಿಯಲ್ಲಿ ಚೀಟಿ ಬರೆದುಕೊಡುತ್ತಾನೆ; ಚಾದರು ನೇಯುವ ನೆರೆಮನೆಯವರು ತೆಲುಗಿನಲ್ಲಿ ಕೂಡಿಸುತ್ತಾರೆ; ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿ ಬರುತ್ತವೆ. ಇಷ್ಟು ಭಾಷೆಗಳ ನಡುವೆಯೂ ಮೊತ್ತ ಮಾತ್ರ ಎಲ್ಲೆಡೆ ಒಂದೇ ಎಂಬ ನಂಬಿಕೆಯಿಂದ ನಾವು ಸಂಸಾರ ಸಾಗಿಸಿಕೊಂಡು ಬಂದಿದ್ದೇವೆ. ಆ ನಂಬಿಕೆಗೆ ಒಮ್ಮೆ ನಮ್ಮ ಮನೆಯಲ್ಲಿಯೇ ಪೆಟ್ಟು ಬಿದ್ದಿತು. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕೆಗಳಲ್ಲಿ ನೆಲೆಸಿ ತಂದೆತಾಯಿಯರ ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುತ್ತಿರುವ ಕುಟುಂಬಗಳು ಈಗ ನಮ್ಮಲ್ಲಿ ಕಡಿಮೆಯಿಲ್ಲವಾದುದರಿಂದ ಆ ಪ್ರಸಂಗವನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಕಾಕಾ ಅಕ್ಕಲಕೋಟದಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಪಿಂಚಣಿ, ಅಂಚೆ ಕಚೇರಿಯ ಠೇವಣಿ, ಮಳೆಯನ್ನೇ ನಂಬಿದ ಹೊಲ, ಊರಿನ ಹತ್ತಾರು ಜನರೊಡನೆ ಕೈಗಡದ ವ್ಯವಹಾರ – ಇವಿಷ್ಟು ಅವರ ಪ್ರಪಂಚ. ಮಗ ಅಮೆರಿಕೆಗೆ ಹೋದ ಮೇಲೆ ಒಂದು ಪದ್ಧತಿ ಬೆಳೆಯಿತು. ಪ್ರತಿ ರವಿವಾರ ಮಗ ದೂರವಾಣಿ ಮಾಡುವನು. ಕ್ಷೇಮಸಮಾಚಾರ ಮುಗಿದೊಡನೆ ಕಾಕಾ ಕನ್ನಡಕ ಹಾಕಿಕೊಂಡು ವಾರದ ಜಮಾಖರ್ಚನ್ನು ಓದುವರು. ಮಗ ಅಲ್ಲಿ ತನ್ನ ಗಣಕಯಂತ್ರದಲ್ಲಿ, ಅಮೆರಿಕೆಯವರಿಗಾಗಿಯೇ ಸಿದ್ಧವಾದ ಮನೆವಾರ್ತೆಯ ತಂತ್ರಾಂಶದಲ್ಲಿ ಅದನ್ನು ಏರಿಸುವನು. ಲೆಕ್ಕ ಬರಿಯ ನೆಪ, ತಂದೆಮಗನ ಮಾತೇ ಮುಖ್ಯವೆಂದು ಕಾಕು ನಗುತ್ತಿದ್ದರು. ಹೀಗೆ ಹತ್ತು ವರ್ಷ ನಡೆಯಿತು.

2014ರಲ್ಲಿ ಕಾಕಾ ತೀರಿಕೊಂಡರು. ಮರುವರ್ಷ ಲೆಕ್ಕದ ಹೊಣೆಯನ್ನು ಸೊಲ್ಲಾಪುರದಲ್ಲಿರುವ ಅವರ ಮಗಳು, ಅಂದರೆ ನಮ್ಮ ತಂಗಿ ಹೊತ್ತುಕೊಂಡಳು. ಅಣ್ಣ ಕಳಿಸಿದ ಕಡತವನ್ನು ಇಲ್ಲಿಯ ಗಣಕಯಂತ್ರದಲ್ಲಿ ತೆರೆಯಹೋದರೆ ಅದು ತೆರೆಯಲೇ ಇಲ್ಲ. ಅಮೆರಿಕೆಯ ಆವೃತ್ತಿಯ ಕಡತ ಅಮೆರಿಕೆಯ ಆವೃತ್ತಿಗೇ ಮೀಸಲು. ಕೊನೆಗೆ ಅಣ್ಣ ಅಲ್ಲಿಂದಲೇ ನಮೂದುಗಳನ್ನೆಲ್ಲ ಬರಿಯ ಅಕ್ಷರರೂಪಕ್ಕೆ ಇಳಿಸಿ ಕಳಿಸಿದ. ನಾವು ಇಲ್ಲಿ ಅದನ್ನು ಬೇರೊಂದು ತಂತ್ರಾಂಶಕ್ಕೆ ಏರಿಸಿದೆವು. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಏನೋ ಒಂದಿಷ್ಟು ನಮೂದುಗಳನ್ನು ಕೈಬಿಡಲಾಗಿದೆ ಎಂಬ ಒಂದು ಸಾಲು ಪರದೆಯ ಕೆಳಗೆ ಮೂಡಿತ್ತು. ಅದನ್ನು ನಾವು ಓದಿದೆವು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬ್ಯಾಂಕಿನ ಶಿಲ್ಕು ಪಾಸ್‌ಬುಕ್ಕಿಗೆ ತಾಳೆಯಾಗದಿದ್ದಾಗ 'ಹೊಂದಾಣಿಕೆ' ಎಂಬ ಒಂದೇ ನಮೂದಿನಿಂದ ಅದನ್ನು ಸರಿಪಡಿಸಿದೆವು. ತಂತ್ರಾಂಶವೇ ಆ ಸೌಕರ್ಯವನ್ನು ನೀಡಿತ್ತು. ನಾವು ನೆಮ್ಮದಿಯಿಂದ ಚಹಾ ಕುಡಿದೆವು.

ಪಾಸ್‌ಬುಕ್ಕು ಇರುವುದು ಬ್ಯಾಂಕಿನ ಖಾತೆಗೆ. ಮನುಷ್ಯರ ಖಾತೆಗೆ ಪಾಸ್‌ಬುಕ್ಕಿಲ್ಲ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಎಂಟು ಸಾವಿರದ ಬಾಕಿ

ಹೊಸ ಲೆಕ್ಕದಲ್ಲಿ ಒಂದು ಬಾಕಿ ಎದ್ದು ಕಾಣುತ್ತಿತ್ತು. ಕಾಕಾ ಅವರ ಹೊಲದಲ್ಲಿ ದುಡಿಯುತ್ತಿದ್ದ ಸಾಲಗಡಿಯ ಹೆಸರಿನಲ್ಲಿ 8,000 ರೂಪಾಯಿ. (ಇಲ್ಲಿ ಸಾಲವೆಂದರೆ ಋಣವಲ್ಲ, ವರ್ಷ. ಯುಗಾದಿಯಿಂದ ಯುಗಾದಿಗೆ ಕರಾರು ಮಾಡಿಕೊಂಡು ದುಡಿಯುವ ಆಳಿಗೆ ನಮ್ಮ ಕಡೆ ಈ ಹೆಸರು.) 2012ರ ಮಿರಗದ ಮಳೆಗಾಲಕ್ಕೆಂದು ಅವನಿಗೆ 20,000 ರೂಪಾಯಿ ಮುಂಗಡ ಕೊಟ್ಟುದು ಲೆಕ್ಕದಲ್ಲಿತ್ತು. ಕೂಲಿಯಲ್ಲಿ 12,000 ಮುರಿದುಕೊಂಡುದೂ ಇತ್ತು. ಉಳಿದ ಎಂಟು ಸಾವಿರ ಬಂದ ಸುದ್ದಿಯೇ ಇರಲಿಲ್ಲ. ಅಮೆರಿಕೆಯಿಂದ ಅಣ್ಣ, "ಅಪ್ಪಾ ಹೋದ ಮ್ಯಾಲ ಯಾರೂ ಕೇಳಂಗಿಲ್ಲಂತ ಸುಮ್ಮಕಿದ್ದಾನ" ಎಂದ. ತಂಗಿ ಹೇಳಿ ಕಳಿಸಿದಳು.

ಅವನು ಮರುದಿನವೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬಂದ. ಕುರ್ಚಿಯ ಮೇಲೆ ಕೂಡಲಿಲ್ಲ, ಪಡಸಾಲೆಯ ಬಾಗಿಲಲ್ಲಿ ನಿಂತುಕೊಂಡೇ, "ನಾ ಕೊಟ್ಟೀನ್ರೀ ಅಕ್ಕಾರ. ಬರ ಬಿದ್ದ ವರ್ಷ ಆಡು ಮಾರಿ ಕೊಟ್ಟೀನಿ. ಮಾಸ್ತರು ನನ್ನ ಮುಂದನ ವಹ್ಯಾಗ ಬರಕೊಂಡಾರ" ಎಂದ. ತಂಗಿ ಗಣಕಯಂತ್ರವನ್ನು ಅವನ ಕಡೆಗೆ ತಿರುಗಿಸಿದಳು. ಅವನು ಅದರ ಕಡೆಗೆ ನೋಡಲೂ ಇಲ್ಲ. "ಅದ್ರಾಗಿಂದು ನನಗ ತಿಳಿಯಂಗಿಲ್ಲ. ಮಾಸ್ತರ ವಹಿ ತಗೀರಿ" ಎಂದನು.

2012-13 ನಮ್ಮ ಜಿಲ್ಲೆಗೆ ಕಡುಬರದ ವರ್ಷವಾಗಿತ್ತು. ದನಗಳನ್ನು ಮೇವಿನ ಛಾವಣಿಗಳಿಗೆ ಹೊಡೆದುಕೊಂಡು ಹೋದ ದಿನಗಳು ಯಾರಿಗೂ ಮರೆತಿಲ್ಲ. ಅಂಥ ವರ್ಷದಲ್ಲಿ ಆಡು ಮಾರಿ ಋಣ ತೀರಿಸಿದವನನ್ನು ನಾವು ಬಾಗಿಲಲ್ಲಿ ನಿಲ್ಲಿಸಿಕೊಂಡು ಬಾಕಿ ಕೇಳುತ್ತಿದ್ದೆವೆಂಬುದು ಆ ದಿನ ನಮಗೆ ಗೊತ್ತಿರಲಿಲ್ಲ. ಮುಂದಿನ ರವಿವಾರ ಅಕ್ಕಲಕೋಟಕ್ಕೆ ಹೋಗಿ ಕಾಕಾ ಅವರ ಪೆಟ್ಟಿಗೆ ತೆಗೆದೆವು. ದೂರವಾಣಿಯಲ್ಲಿ ಓದುವುದಕ್ಕಾಗಿ ಅವರು ಇಟ್ಟುಕೊಂಡಿದ್ದ ಕೆಂಪು ರಟ್ಟಿನ ವಹಿಗಳು ವರ್ಷವಾರು ಜೋಡಿಸಿದಂತೆಯೇ ಇದ್ದವು. ನಂದನ ಸಂವತ್ಸರದ ವಹಿಯಲ್ಲಿ, ಮಾಘ ಶುದ್ಧದಲ್ಲಿ, ರಥಸಪ್ತಮಿಯ ನಂತರದ ಮಂಗಳವಾರ, ಅಂದರೆ 19-2-2013ರಂದು, ಜಮೆಯ ಬದಿಗೆ ಅವನ ಹೆಸರು, ಮುಂದೆ 8,000, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಆಡು ಮಾರಿ ಕೊಟ್ಟನು. ಬೇಡವೆಂದರೂ ಕೇಳಲಿಲ್ಲ. ಖಾತೆ ಚುಕ್ತಾ.'

ಹದಿಮೂರನೆಯ ತಾರೀಖು

ತಪ್ಪು ಎಲ್ಲಿ ಆಯಿತೆಂಬುದನ್ನು ಹುಡುಕಲು ನಮಗೆ ಎರಡು ರಾತ್ರಿ ಹಿಡಿಯಿತು. ಕಾರಣ ಮಾತ್ರ ಅತಿ ಸಣ್ಣದು. ನಾವು ತಾರೀಖನ್ನು ಬರೆಯುವಾಗ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕೆಯವರು ಮೊದಲು ತಿಂಗಳು, ಆಮೇಲೆ ದಿನ. ಅಲ್ಲಿಯ ಆವೃತ್ತಿ 2013ರ ಫೆಬ್ರುವರಿ 19ನ್ನು 02/19/2013 ಎಂದು ಬರೆದು ಕಳಿಸಿತು. ಇಲ್ಲಿಯ ಆವೃತ್ತಿ ಅದನ್ನು ಹತ್ತೊಂಬತ್ತನೆಯ ತಿಂಗಳಿನ ಎರಡನೆಯ ದಿನವೆಂದು ಓದಿ, ಅಂಥ ತಿಂಗಳಿಲ್ಲವೆಂದು ಆ ನಮೂದನ್ನೇ ಬಿಟ್ಟುಬಿಟ್ಟಿತು. ಮುಂಗಡ ಕೊಟ್ಟುದು 2012ರ ಜೂನ್ 8ರಂದು. 06/08 ಎಂದಿದ್ದುದರಿಂದ ಅದು ಆಗಸ್ಟ್ 6 ಆಗಿ ಒಳಗೆ ಬಂದಿತು. ಕೂಲಿಯಲ್ಲಿ ಮುರಿದುಕೊಂಡುದು ನವೆಂಬರ್ 10ರಂದು. ಅದು ಅಕ್ಟೋಬರ್ 11 ಆಗಿ ಒಳಗೆ ಬಂದಿತು. ಕೊಟ್ಟ ಸಾಲ ದಾರಿ ತಪ್ಪಿಯಾದರೂ ಮನೆ ಸೇರಿತು, ತೀರಿಸಿದ ಹಣ ಹೊರಗೇ ಉಳಿಯಿತು.

ಕುತೂಹಲಕ್ಕೆಂದು ಲೆಕ್ಕ ಹಾಕಿ ನೋಡಿದೆವು. ತಿಂಗಳೊಂದರಲ್ಲಿ ಮೊದಲ ಹನ್ನೆರಡು ದಿನಗಳು ಮಾತ್ರ ತಿಂಗಳೆಂದು ತಪ್ಪಾಗಿ ಓದಿಸಿಕೊಳ್ಳಬಲ್ಲವು. ಹನ್ನೆರಡು ತಿಂಗಳಿಗೆ ಅಂಥ ದಿನಗಳು 144. ಅವುಗಳಲ್ಲಿ ಜನವರಿ 1, ಫೆಬ್ರುವರಿ 2, ಮಾರ್ಚ್ 3 ಹೀಗೆ ಹನ್ನೆರಡು ದಿನಗಳಿಗೆ ಹೇಗೆ ಓದಿದರೂ ಬಾಧೆಯಿಲ್ಲ. ಉಳಿದ 132 ದಿನಗಳ ನಮೂದುಗಳು ಸದ್ದಿಲ್ಲದೆ ಬೇರೆ ತಿಂಗಳಿಗೆ ಹೋಗಿ ಕೂಡುತ್ತವೆ. ಮಿಕ್ಕ 221 ದಿನಗಳ ನಮೂದುಗಳು ಒಳಗೆ ಬರುವುದೇ ಇಲ್ಲ. ಅಂದರೆ ವರ್ಷದ 365 ದಿನಗಳಲ್ಲಿ ಸರಿಯಾಗಿ ವರ್ಗವಾಗುವವು ಬರಿಯ ಹನ್ನೆರಡು! ಹೊರಗೆ ಉಳಿದವನ್ನು ಎಣಿಸಿಯಾದರೂ ನೋಡಬಹುದು. ದಾರಿ ತಪ್ಪಿ ಒಳಗೆ ಬಂದವು ಸಜ್ಜನರಂತೆ ಸಾಲಿನಲ್ಲಿ ಕುಳಿತಿರುತ್ತವೆ, ಅವುಗಳದೇ ಹೆಚ್ಚಿನ ಅಪಾಯ.

ಕಾಕಾ ಅವರ ವಹಿಯಲ್ಲಿ ಇಂಥ ತಪ್ಪಿಗೆ ಆಸ್ಪದವೇ ಇರಲಿಲ್ಲ. ಮಾಘವನ್ನು ಯಾರೂ ಹತ್ತೊಂಬತ್ತು ಎಂದು ಓದಲಾರರು. ತಿಂಗಳಿಗೆ ಹೆಸರಿತ್ತು, ಪಕ್ಷಕ್ಕೆ ಹೆಸರಿತ್ತು, ಮೇಲಾಗಿ ವಾರವನ್ನೂ ಬರೆಯುವ ರೂಢಿಯಿತ್ತು. ಒಂದು ಅಳಿಸಿಹೋದರೆ ಇನ್ನೊಂದು ಸಾಕ್ಷಿ ಹೇಳುತ್ತಿತ್ತು.

ಹಾಲಿ ಮತ್ತು ಕಲದಾರ

ಅದೇ ಪೆಟ್ಟಿಗೆಯ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಕಟ್ಟಿತ್ತು: ನಮ್ಮ ಅಜ್ಜನವರ ಕಾಲದ ಕಿರ್ದಿ ಮತ್ತು ಖತಾವಣಿ. ಕೆಲವು ಪುಟಗಳು ಮೋಡಿ ಲಿಪಿಯಲ್ಲಿ, ಕೆಲವು ಕನ್ನಡದಲ್ಲಿ. ಅವನ್ನು ಬಿಡಿಸಿ ಓದಿದಾಗ ನಮಗೆ ತಿಳಿದುಬಂದುದೆಂದರೆ, ಒಂದಕ್ಕೊಂದು ಹೊಂದದ ಲೆಕ್ಕಗಳ ನಡುವೆ ಸಂಸಾರ ಸಾಗಿಸುವುದು ನಮ್ಮ ಮನೆತನಕ್ಕೆ ಹೊಸದಲ್ಲ.

ಅಕ್ಕಲಕೋಟವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಪಕ್ಕದ ಸೊಲ್ಲಾಪುರದಲ್ಲಿ ಇಂಗ್ಲಿಷರ ಆಡಳಿತ. ಮೂಡಲಿಗೆ ಕೆಲವು ಹರದಾರಿ ನಡೆದರೆ ಆಳಂದ, ಕಲಬುರ್ಗಿಗಳ ಕಡೆ ನಿಜಾಮರ ಸೀಮೆ. ಅಲ್ಲಿಯ ರೂಪಾಯಿಯೇ ಬೇರೆ. ಅದಕ್ಕೆ ಹಾಲಿ ಸಿಕ್ಕಾ ಎಂದೂ ಇಂಗ್ಲಿಷರ ರೂಪಾಯಿಗೆ ಕಲದಾರ ಎಂದೂ ಹೆಸರು. ಎರಡರಲ್ಲಿಯೂ ಹದಿನಾರು ಆಣೆ, ಎರಡನ್ನೂ ರೂಪಾಯಿ ಎಂದೇ ಕರೆಯುವುದು. ಆದರೆ ಏಳು ಹಾಲಿ ಕೊಟ್ಟರೆ ಆರು ಕಲದಾರ. ನೂರು ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂಬ ದರವನ್ನು ಆ ಕಾಲದ ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಿದ್ದರು. ನಮ್ಮ ಅಜ್ಜಿ ಆಳಂದದ ಕಡೆಯವಳು. ಅವಳ ತವರಿನಿಂದ ಬಂದ ಹಣವನ್ನೆಲ್ಲ ಅಜ್ಜ ಎರಡು ಸಾಲಿನಲ್ಲಿ ಬರೆದಿದ್ದಾನೆ: ಮೇಲೆ 'ಹಾಲಿ 70', ಕೆಳಗೆ 'ಕಲದಾರ 60'. ಬರಿಯ 70 ಎಂದು ಒಂದು ಕಡೆಯೂ ಇಲ್ಲ.

ಇದನ್ನು ಓದುವಾಗ ತಂಗಿ ತಟ್ಟನೆ ತಲೆಗೆ ಕೈಹಚ್ಚಿಕೊಂಡಳು. ಅಣ್ಣ ಅಮೆರಿಕೆಯಿಂದ ಕಳಿಸುತ್ತಿದ್ದ ಡಾಲರುಗಳೂ ಅದೇ ಕಡತದಲ್ಲಿದ್ದವು. ಅಕ್ಷರರೂಪಕ್ಕೆ ಇಳಿಸಿದಾಗ ಮೊತ್ತ ಮಾತ್ರ ಇಳಿದು, ಯಾವ ನಾಣ್ಯವೆಂಬುದು ಅಲ್ಲಿಯೇ ಉಳಿದಿತ್ತು. 500 ಡಾಲರು ಸೊಲ್ಲಾಪುರಕ್ಕೆ ಬರುವಷ್ಟರಲ್ಲಿ 500 ರೂಪಾಯಿಯಾಗಿತ್ತು.

ವರ್ಷದ ಗೊಂದಲವೂ ಆಗ ಕಡಿಮೆಯಿರಲಿಲ್ಲ. ಮನೆಯಲ್ಲಿ ಶಾಲಿವಾಹನ ಶಕೆ, ಯುಗಾದಿಗೆ ಆರಂಭ. ನಿಜಾಮರ ಸೀಮೆಯ ಕಾಗದಪತ್ರಗಳಲ್ಲಿ ಫಸಲಿ ವರ್ಷ, ಅಕ್ಟೋಬರಿನಲ್ಲಿ ಆರಂಭ. ಸರಕಾರದ ಲೆಕ್ಕಕ್ಕೆ ಏಪ್ರಿಲ್ 1. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ, ಹೈದರಾಬಾದು ಭಾರತವನ್ನು ಸೇರಿದ ವರ್ಷ. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿ ಪೂಜಿಸುವ ವ್ಯಾಪಾರಸ್ಥರು ಆ ವರ್ಷವನ್ನೇ ಆದಾಯ ತೆರಿಗೆಗೂ ಹಿಡಿಯಬಹುದಾಗಿದ್ದ ಕಾಲವೊಂದಿತ್ತು. 1989ರ ಮಾರ್ಚಿಗೆ ಮುಗಿದ ವರ್ಷದಿಂದ ಎಲ್ಲರಿಗೂ ಏಪ್ರಿಲ್-ಮಾರ್ಚ್ ಒಂದೇ ಎಂದಾಯಿತು. ಪೂಜೆ ಮಾತ್ರ ದೀಪಾವಳಿಗೇ ಉಳಿದಿದೆ.

ಮುಂದೆ ಆಣೆ ಹೋಗಿ ನಯೇಪೈಸೆ ಬಂದ ಕತೆಯನ್ನು ಕಾಕಾ ಅವರೇ ಅನೇಕ ಸಲ ಹೇಳುತ್ತಿದ್ದರು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾದಾಗ ಅವರು ಶಾಲೆಯ ಹುಡುಗ. ಒಂದು ಆಣೆಗೆ ನಿಜವಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರಕಾರ ಕೋಷ್ಟಕ ಮಾಡಿತು. ಎರಡಾಣೆಯಂತೆ ಎಂಟು ದಿನ ತಂದರೆ ಹಳೆಯ ಲೆಕ್ಕಕ್ಕೆ ಪೂರ್ತಿ ರೂಪಾಯಿ, ಹೊಸ ಕೋಷ್ಟಕದಂತೆ 96 ಪೈಸೆ. ಆ ನಾಲ್ಕು ಪೈಸೆ ಯಾರಿಗೆ ಸೇರಬೇಕೆಂದು ಅಂಗಡಿಗಳಲ್ಲಿ ಜಗಳ. ಹಳೆಯ ನಮೂದುಗಳನ್ನೆಲ್ಲ ಪೈಸೆಗೆ ಪರಿವರ್ತಿಸಿ ಬರೆಯೋಣವೆಂದು ಹುಡುಗ ಉತ್ಸಾಹದಿಂದ ಕೇಳಿದಾಗ ಅಜ್ಜ ಬೇಡವೆಂದನಂತೆ. ಹಳೆಯ ವಹಿಯನ್ನು ಮಾರ್ಚ್ 31ಕ್ಕೆ ಆಣೆಯಲ್ಲಿಯೇ ಮುಚ್ಚಿ, ಒಬ್ಬೊಬ್ಬರ ಬಾಕಿಯನ್ನು ಮಾತ್ರ ಪೈಸೆಗೆ ತಿರುಗಿಸಿ ಹೊಸ ವಹಿಯ ಮೊದಲ ಪುಟದಲ್ಲಿ ಬರೆದು, ಬಾಕಿದಾರರನ್ನು ಕರೆದು ಓದಿ ಹೇಳಿದನಂತೆ. ಆ ಪುಟ ಈಗಲೂ ಇದೆ. ಹೆಸರುಗಳ ಮುಂದೆ ಕೆಲವರ ಸಹಿ, ಕೆಲವರ ಹೆಬ್ಬೆಟ್ಟು.

ಈ ಪುಟವನ್ನು ನೋಡಿದ ಮೇಲೆಯೇ ನಮ್ಮ ತಪ್ಪು ಏನೆಂಬುದು ಸ್ಪಷ್ಟವಾಯಿತು. ಹತ್ತು ವರ್ಷದ ಸಾವಿರಾರು ನಮೂದುಗಳನ್ನು ಒಂದೇ ಏಟಿಗೆ ಭಾಷಾಂತರಿಸಹೋದೆವು. ಬಾಕಿ ಮುಚ್ಚಲಿಲ್ಲ, ಯಾರಿಗೂ ಓದಿ ಹೇಳಲಿಲ್ಲ.

ಆವೃತ್ತಿಗಳು ಏಕೆ ಹೊಂದುವುದಿಲ್ಲ?

ಮನೆವಾರ್ತೆಯ ತಂತ್ರಾಂಶಗಳ ಇತಿಹಾಸವನ್ನು ಸ್ವಲ್ಪದರಲ್ಲಿ ಹೇಳಬೇಕು. ಅಮೆರಿಕೆಯ ಇಂಟ್ಯೂಟ್ ಕಂಪನಿಯ ಕ್ವಿಕನ್ 1980ರ ದಶಕದಲ್ಲಿಯೂ, ಮೈಕ್ರೋಸಾಫ್ಟ್ ಮನಿ 1991ರಲ್ಲಿಯೂ ಬಂದವು. ಒಂದೊಂದು ದೇಶದ ತೆರಿಗೆ, ಬ್ಯಾಂಕು, ನಾಣ್ಯ, ತಾರೀಖಿನ ರೂಢಿ ಬೇರೆಯಾದುದರಿಂದ ದೇಶಕ್ಕೊಂದು ಆವೃತ್ತಿಯನ್ನು ಮಾಡಿದರು. ಬ್ರಿಟನ್ನಿನ ಮನಿ ಕಡತವನ್ನು ಅಮೆರಿಕೆಯ ಮನಿ ತೆರೆಯುತ್ತಿರಲಿಲ್ಲ. ಬ್ರಿಟನ್ನಿನ ಕ್ವಿಕನ್ 2005ರಲ್ಲಿ ನಿಂತಿತು. ಮೈಕ್ರೋಸಾಫ್ಟ್ ಮನಿಯ ಮಾರಾಟವೇ 2009ರಲ್ಲಿ ಮುಗಿಯಿತು. ಲೆಕ್ಕ ಬರೆದವರು ಇದ್ದಾರೆ, ಬರೆದ ಲೆಕ್ಕವೂ ಇದೆ, ಓದುವ ಯಂತ್ರ ಮಾತ್ರ ಇಲ್ಲ ಎಂಬ ಸ್ಥಿತಿ ಎಷ್ಟೋ ಕುಟುಂಬಗಳಿಗೆ ಒದಗಿತು. ಮೋಡಿ ಲಿಪಿಯನ್ನು ಓದುವವರು ತೀರಿಹೋದ ಮನೆಗಳ ಸ್ಥಿತಿಯೂ ಇದೇ ಅಲ್ಲವೆ?

ಇವುಗಳ ನಡುವೆ ಸಾಗಾಟಕ್ಕೆಂದು ಕ್ವಿಕನ್ ಒಂದು ಸರಳ ಅಕ್ಷರರೂಪವನ್ನು ಬಳಕೆಗೆ ತಂದಿತು. ಅದರ ಹೆಸರು ಕ್ಯುಐಎಫ್. ಸಾಲಿಗೊಂದು ಸಂಗತಿ: ಡಿ ಎಂದರೆ ದಿನಾಂಕ, ಟಿ ಎಂದರೆ ಮೊತ್ತ, ಪಿ ಎಂದರೆ ಯಾರಿಗೆ ಅಥವಾ ಯಾರಿಂದ, ಎಲ್ ಎಂದರೆ ಯಾವ ಬಾಬು, ಎಂ ಎಂದರೆ ಟಿಪ್ಪಣಿ, ಕೊನೆಗೆ ಟೊಪ್ಪಿಗೆಯಂಥ ಒಂದು ಗುರುತು. ನಮ್ಮ ಕಿರ್ದಿಯ ನಮೂದೇ ಅದು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದರೆ ದಿನ ಮೊದಲೋ ತಿಂಗಳು ಮೊದಲೋ ಎಂಬುದನ್ನು ಅದು ಹೇಳುವುದಿಲ್ಲ. ಡಾಲರೋ ರೂಪಾಯಿಯೋ ಎಂಬುದನ್ನೂ ಹೇಳುವುದಿಲ್ಲ. ಅದರಲ್ಲಿ ಬರೆದವನಿಗೂ ಓದುವವನಿಗೂ ಊರು ಒಂದೇ ಎಂಬ ಭಾವನೆ ಅಡಗಿದೆ. 1997ರಲ್ಲಿ ಪ್ರಕಟವಾದ ಓಎಫ್‌ಎಕ್ಸ್ ಎಂಬ ಇನ್ನೊಂದು ರೂಪದಲ್ಲಿ ಈ ಎರಡೂ ಕೊರತೆಗಳಿಲ್ಲ: ಅದರಲ್ಲಿ ವರ್ಷ, ತಿಂಗಳು, ದಿನ ಇದೇ ಕ್ರಮ, ನಾಣ್ಯದ ಹೆಸರೂ ಇರುತ್ತದೆ. ಗ್ನೂಕ್ಯಾಶ್ ಎಂಬ, ಹಣ ಕೊಡದೆ ದೊರೆಯುವ ತಂತ್ರಾಂಶವು ಕ್ಯುಐಎಫ್ ಕಡತವನ್ನು ಒಳಗೆ ತೆಗೆದುಕೊಳ್ಳುವಾಗ ತಾರೀಖು ಸಂದಿಗ್ಧವಾಗಿದ್ದರೆ ಯಾವ ಕ್ರಮವೆಂದು ನಮ್ಮನ್ನೇ ಕೇಳುತ್ತದೆ. ಕೇಳುವ ಯಂತ್ರ ಒಳ್ಳೆಯದು. ತಾನೇ ತಿಳಿದುಕೊಳ್ಳುವ ಯಂತ್ರದ ಬಗ್ಗೆ ನಮಗೆ ಈಗ ಭಯವಿದೆ.

ನಮ್ಮಂಥವರಿಗೆ ಇನ್ನೂ ಎರಡು ತೊಡಕುಗಳು. ಲಕ್ಷವನ್ನು ನಾವು 1,00,000 ಎಂದು ಬರೆಯುತ್ತೇವೆ. ಅಲ್ಪವಿರಾಮದಿಂದಲೇ ಕಲಮುಗಳನ್ನು ಬೇರ್ಪಡಿಸುವ ಕಡತದಲ್ಲಿ ಅದು ಹೋದರೆ, ಉದ್ಧರಣ ಚಿಹ್ನೆಯ ರಕ್ಷಣೆ ಇಲ್ಲದಿದ್ದಲ್ಲಿ, ಒಂದು ಲಕ್ಷ ಮೂರು ತುಂಡಾಗಿ ಒಂದು, ಸೊನ್ನೆ, ಸೊನ್ನೆ ಎಂದು ಮೂರು ಮನೆಗಳಲ್ಲಿ ಬೀಳುತ್ತದೆ. ಎರಡನೆಯದು ಲಿಪಿಯದು. ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿರುತ್ತಿದ್ದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಟಿಪ್ಪಣಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮರಾಠಿ ವಿನ್ಯಾಸ ಮಾತ್ರ ಇಟ್ಟುಕೊಂಡಿರುವ ಸೊಲ್ಲಾಪುರದ ಅಂಗಡಿಗಳಲ್ಲಿ ಈ ಪಾಡನ್ನು ಅನೇಕರು ಕಂಡಿದ್ದಾರೆ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ನಮ್ಮ ದೇಶದ ಲಿಪಿಗಳ 'ಕ' ಕಾರಕ್ಕೆಲ್ಲ ಒಂದೇ ಸಂಖ್ಯೆಯಿತ್ತು. ಕನ್ನಡದಲ್ಲಿ ಬರೆದುದನ್ನು ದೇವನಾಗರಿಯಲ್ಲಿ ತೋರಿಸಬಹುದಾಗಿತ್ತು. ಗಡಿಯ ಜನರಿಗೆಂದೇ ಹೇಳಿ ಮಾಡಿಸಿದಂತಿದ್ದ ಆ ವ್ಯವಸ್ಥೆ ಮನೆಗಳವರೆಗೆ ಬರಲಿಲ್ಲ. ಈಗಿನ ಯುನಿಕೋಡಿನಲ್ಲಿ ಲಿಪಿಗೊಂದು ಜಾಗವಿದೆ. ಅದರಲ್ಲಿ ಬರೆದ ಟಿಪ್ಪಣಿ ಯಾವ ದೇಶದ ಯಂತ್ರದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ರೂಪಾಯಿಯ ಚಿಹ್ನೆ ಹುಟ್ಟಿದುದೇ 2010ರಲ್ಲಿ. ಅದಕ್ಕಿಂತ ಹಿಂದಿನ ಕಡತಗಳಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಎರಡನೆಯ ಸಲ

ತಂಗಿ ಎರಡನೆಯ ಸಲ ಅಜ್ಜನ ದಾರಿ ಹಿಡಿದಳು. ತಂತ್ರಾಂಶಕ್ಕೆ ಏರಿಸಿದುದನ್ನೆಲ್ಲ ಅಳಿಸಿ, 2016ರ ಮಾರ್ಚ್ 31ನ್ನು ಗಡಿಯೆಂದು ಗೊತ್ತುಮಾಡಿದಳು. ಅಣ್ಣ ತನ್ನ ಆವೃತ್ತಿಯಲ್ಲಿ ಅಂದಿನ ಶಿಲ್ಕುಗಳನ್ನು ತೆಗೆದು, ತಾರೀಖುಗಳನ್ನು 2016-03-31 ಎಂಬ ಕ್ರಮದಲ್ಲಿ, ವರ್ಷ ಮೊದಲು ಬರುವಂತೆ ಬರೆದು ಕಳಿಸಿದನು. ಈ ಕ್ರಮವನ್ನು ಯಾವ ದೇಶದವನೂ ತಿರುಗಾಮುರುಗಾ ಓದುವ ಸಂಭವ ಕಡಿಮೆ. ರೂಪಾಯಿ ಖಾತೆ ಬೇರೆ, ಡಾಲರು ಖಾತೆ ಬೇರೆ. ಹಳೆಯ ಹತ್ತು ವರ್ಷದ ನಮೂದುಗಳನ್ನು ಸಾಗಿಸಲೇ ಇಲ್ಲ. ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಹೊಲಿದು ಕಾಕಾ ಅವರ ವಹಿಗಳ ಜೊತೆಗೆ ಇಟ್ಟಿದ್ದಾಳೆ. ಹೊಸ ಲೆಕ್ಕದ ಮೊದಲ ಹತ್ತು ನಮೂದುಗಳನ್ನು, ಅದರಲ್ಲಿಯೂ ಹದಿಮೂರನೆಯ ತಾರೀಖಿನ ಆಚೆಯವನ್ನು, ಕಣ್ಣಾರೆ ಹೋಲಿಸಿ ನೋಡಿದ ಮೇಲೆಯೇ ಮುಂದುವರಿದಳು. ಮೂಲದಲ್ಲಿ ಎಷ್ಟು ನಮೂದುಗಳಿವೆ, ಒಳಗೆ ಎಷ್ಟು ಬಂದವು ಎಂದು ಎಣಿಸಿದಳು. ಕೈಗಡದ ಬಾಕಿಗಳನ್ನು ಒಬ್ಬೊಬ್ಬರಿಗೂ ದೂರವಾಣಿ ಮಾಡಿ ಓದಿ ಹೇಳಿದಳು. ಇಬ್ಬರು ತಿದ್ದಿದರು, ಒಬ್ಬರ ತಿದ್ದುಪಡಿ ನಮಗೇ ಲಾಭದ್ದಾಗಿತ್ತು.

ಬಾಬುಗಳ ಹೆಸರುಗಳಲ್ಲಿ ಮತ್ತೊಂದು ತಮಾಷೆ ಕಾದಿತ್ತು. ಅಮೆರಿಕೆಯ ಆವೃತ್ತಿಯಲ್ಲಿ ಅವರ ನಿವೃತ್ತಿ ವೇತನದ ಖಾತೆಗಳಿಗೆ, ಮನೆಯ ಅಡವು ಸಾಲಕ್ಕೆ, ಸಾಕುಪ್ರಾಣಿಗಳ ಖರ್ಚಿಗೆ ಸಹ ಜಾಗವಿದೆ. ಭಿಶಿಗೆ ಇಲ್ಲ, ಕೈಗಡಕ್ಕೆ ಇಲ್ಲ, ಗಡ್ಡದ ಜಾತ್ರೆಯ ಖರ್ಚಿಗೆ ಇಲ್ಲ, ದಾಸೋಹಕ್ಕೆ ಇಲ್ಲ. ಅಣ್ಣ ಹತ್ತು ವರ್ಷ ಎತ್ತಿನ ಹಿಂಡಿಯನ್ನು ಸಾಕುಪ್ರಾಣಿಯ ಬಾಬಿನಲ್ಲಿಯೂ ದಾಸೋಹವನ್ನು ಮನರಂಜನೆಯ ಬಾಬಿನಲ್ಲಿಯೂ ಬರೆದಿದ್ದ! ಬಸವಣ್ಣನವರು ಬಿಜ್ಜಳನ ಭಂಡಾರದ ಕರಣಿಕರಾಗಿದ್ದರೆಂದು ನಾವು ನಂಬುವ ಮಂಗಳವೇಢೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಂಥ ನೆಲದಲ್ಲಿ ದಾಸೋಹಕ್ಕೆ ಈ ಗತಿ ಬಂದುದನ್ನು ಕೇಳಿ ಕಾಕು ಎಷ್ಟೋ ತಿಂಗಳ ನಂತರ ಮೊದಲ ಸಲ ಮನಸಾರೆ ನಕ್ಕರು. ಈಗ ಬಾಬುಗಳೆಲ್ಲ ಕನ್ನಡದಲ್ಲಿವೆ.

ಮುಯ್ಯಿಯ ವಹಿಯೊಂದನ್ನು ಮಾತ್ರ ತಂಗಿ ಯಂತ್ರಕ್ಕೆ ಏರಿಸಲಿಲ್ಲ. ಯಾರ ಮನೆಯ ಲಗ್ನಕ್ಕೆ ನಾವು ಏನು ಕೊಟ್ಟೆವು, ನಮ್ಮ ಮನೆಯ ಲಗ್ನಕ್ಕೆ ಯಾರು ಏನು ತಂದರು ಎಂಬ ಆ ವಹಿಯಲ್ಲಿ ಹಣಕ್ಕಿಂತ ಸೀರೆ, ಕುಪ್ಪಸ, ತಾಮ್ರದ ತಂಬಿಗೆ, ಜೋಳಗಳೇ ಹೆಚ್ಚು. ಅವನ್ನು ರೂಪಾಯಿಗೆ ತಿರುಗಿಸಿದರೆ ಯಾವ ವರ್ಷದ ಬೆಲೆ ಹಿಡಿಯಬೇಕು? ಹಾಗೆಯೇ ಇರಲೆಂದು ಬಿಟ್ಟಳು.

ಎಂಟು ಸಾವಿರದ ವಿಷಯ ಗೊತ್ತಾದ ದಿನವೇ ನಾವಿಬ್ಬರೂ ಆ ಸಾಲಗಡಿಯ ಮನೆಗೆ ಹೋಗಿದ್ದೆವು. ವಹಿಯನ್ನು ಒಯ್ದು, ಮಾಸ್ತರರ ಅಕ್ಷರವನ್ನು ಅವನ ಮುಂದೆ ಓದಿ ಹೇಳಿದೆವು. ಅವನು "ಆತು ಬಿಡ್ರೀ" ಎಂದಷ್ಟೇ ಹೇಳಿ ಒಳಗಿನಿಂದ ಚಹಾ ತರಿಸಿದ. ಅಣ್ಣನೂ ದೂರವಾಣಿಯಲ್ಲಿ ಅವನೊಡನೆ ಮಾತಾಡಿದನು. ಏನು ಮಾತಾಡಿದನೆಂದು ನಾವು ಕೇಳಲಿಲ್ಲ. ಒಂದೆರಡು ವರ್ಷದ ಮೇಲೆ ಅವನ ಮಗಳ ಲಗ್ನದ ಕರೆ ಬಂದಿತು. ತಂಗಿ ಮುಯ್ಯಿಯ ವಹಿ ತೆಗೆದು ನೋಡಿದಳು. ಅವಳದೇ ಲಗ್ನದ ಪುಟದಲ್ಲಿ ಅವನ ಹೆಸರಿತ್ತು: ಒಂದು ಕುಪ್ಪಸದ ಖಣ, ಐದು ಸೇರು ಬಿಳಿಜೋಳ. ಅದಕ್ಕೆ ಮಿಗಿಲಾಗಿ ಒಂದು ಸೀರೆಯನ್ನು ಸೇರಿಸಿ ಒಯ್ದಳು, ಬಂದು ಅದನ್ನು ಅದೇ ವಹಿಯಲ್ಲಿ ಬರೆದಳು.